ನಿಲ್ಲು ಅಂದರೂ ನಿಲ್ಲದ ಗಾಡಿ

ಹೆಡ್‌ಲೈಟ್ ಮೂರು ಸಲ ಮಿನುಗಿಸಿದೆ. ಅವನು ನಿಲ್ಲಲಿಲ್ಲ.

ಮತ್ತೆ ಮೂರು ಸಲ. ಹಾರ್ನ್ ಒತ್ತಿ ಹಿಡಿದೆ. ನೂರು ಮಾರು ಮುಂದೆ ನನ್ನ ಅಕ್ಕನ ಮಗನ ಬೈಕು ಹೋಗುತ್ತಲೇ ಇತ್ತು. ಎಡಗಡೆ ಢಾಬಾ ಬಂತು. ಬೇವಿನ ಮರಗಳು, ದಟ್ಟ ನೆರಳು, ನೆರಳಲ್ಲಿ ಹಗ್ಗದ ಮಂಚಗಳ ಮೇಲೆ ಅಡ್ಡಾಗಿದ್ದ ಲಾರಿ ಡ್ರೈವರುಗಳು. ಸ್ವಲ್ಪ ಹೊತ್ತಿನ ಕೆಳಗೆ ಇಬ್ಬರೂ ಗುರುತು ಕೇಳಿಕೊಂಡು, ಇಲ್ಲೇ ನಿಲ್ಲುವುದೆಂದು ಮಾತಾಡಿಕೊಂಡು ಹೊರಟಿದ್ದ ಜಾಗ ಅದು. ಅವನ ಗಾಡಿ ಅದನ್ನು ದಾಟಿತು. ತಲೆ ಆ ಕಡೆ ಹೊರಳಲೂ ಇಲ್ಲ.

ಆಗ ಕಣ್ಣಿಗೆ ಬಿದ್ದದ್ದು ಬಲಗಡೆಯ ಇಂಡಿಕೇಟರ್. ಪಂಕ್ಚರ್ ಅಂಗಡಿಯಿಂದ ರಸ್ತೆಗೆ ಸೇರುವಾಗ ಹಾಕಿದ್ದು ಇನ್ನೂ ಮಿಣುಕುತ್ತಿತ್ತು. ಗಾಡಿ ಕಲಿತ ದಿನದಿಂದಲೂ ತಿರುವು ಮುಗಿದ ಕೂಡಲೇ ಹೆಬ್ಬೆರಳಿನಿಂದ ಅದನ್ನು ಆರಿಸುವ ಹುಡುಗ. ಇವತ್ತು ಆ ಹೆಬ್ಬೆರಳು ತನ್ನ ಕೆಲಸ ಮರೆತಿತ್ತು.

ವಡೋದರಾ ಹಿಂದೆ, ಭರೂಚ್ ಮುಂದೆ. ಮೇ ತಿಂಗಳ ಬಿಸಿಲು ನೆತ್ತಿಗೆ ಏರುವ ಹೊತ್ತು. ಆರು ಪಥದ ಹೆದ್ದಾರಿಯ ತುಂಬ ರಾಸಾಯನಿಕ ಹೊತ್ತ ಟ್ಯಾಂಕರುಗಳು. ಅವುಗಳ ನಡುವೆ ಎಚ್ಚರ ಜಾರುತ್ತಿರುವ ಹುಡುಗನೊಬ್ಬ ಎಪ್ಪತ್ತರ ವೇಗದಲ್ಲಿ ಹೋಗುತ್ತಿದ್ದಾನೆ, ಎಚ್ಚರ ಜಾರುತ್ತಿರುವುದು ಅವನಿಗೇ ಗೊತ್ತಿಲ್ಲ. ನಾನು ಗೇರ್ ಇಳಿಸಿ ಆಕ್ಸಲರೇಟರ್ ಪೂರ್ತಿ ತಿರುವಿದೆ.

ಹಿಂದಿನ ರಾತ್ರಿಯ ಕರಾರು

ಅಹಮದಾಬಾದಿನ ಕೆಲಸ ಬಿಟ್ಟು ಅವನು ಊರಿಗೆ ಹೊರಟಿದ್ದ. ಊರು ಹಾವೇರಿ. ಗಾಡಿಯ ಮೇಲೇ ಹೋಗಬೇಕೆಂಬುದು ಅವನ ಹಟ. ಒಬ್ಬನೇ ಬರುವುದು ಬೇಡವೆಂದು ನಾನೂ ನನ್ನ ಗಾಡಿಯನ್ನು ರೈಲಿಗೆ ಹಾಕಿ ಅಲ್ಲಿಗೆ ಬಂದಿದ್ದೆ. ದಾರಿಯೇನೂ ಗೊಂದಲದ್ದಲ್ಲ. ದೆಹಲಿಯಿಂದ ಚೆನ್ನೈಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಅಹಮದಾಬಾದ್, ವಡೋದರಾ, ಸೂರತ್, ಮುಂಬೈ, ಪುಣೆ, ಬೆಳಗಾವಿ, ಹುಬ್ಬಳ್ಳಿ ಮುಟ್ಟಿಕೊಂಡು ನಮ್ಮ ಹಾವೇರಿಗೇ ಬರುತ್ತದೆ. ಸಾವಿರ ಕಿಲೋಮೀಟರಿಗೂ ಮಿಕ್ಕಿದ ದಾರಿ. ಮೊದಲ ಹಂತ ಸೂರತ್.

"ಸೂರತ್ ಏನ್ ದೂರ ಐತ್ರಿ ಮಾಮಾ? ಎರಡ್ನೂರಾ ಅರವತ್ತು ಕಿಲೋಮೀಟರ್ ಅಷ್ಟ. ನಸಕಿನ್ಯಾಗ ಬಿಟ್ರ ಹತ್ತಕ್ಕ ಅಲ್ಲೇ ಚಾ ಕುಡೀತೀವಿ."

"ಮುಟ್ಟಿದ್ರ ಚಲೋ ಆತು. ಮುಟ್ಟಲಿಲ್ಲಂದ್ರ?"

"ಮುಟ್ಟಲಿಲ್ಲಂದ್ರ ಇನ್ನೊಂದು ತಾಸು ಜಗ್ಗೂದು. ನಾಕ್ ವರ್ಷ ಇಲ್ಲೇ ಬೆಂದೇನ್ರಿ. ಈ ಬಿಸಲು ನನಗೇನ್ ಮಾಡತೈತಿ?"

ನಾಲ್ಕು ವರ್ಷ ಅವನು ಬೆಂದದ್ದು ಹವಾನಿಯಂತ್ರಿತ ಪ್ರಯೋಗಾಲಯದಲ್ಲಿ. ಮೈ ಬಿಸಿಲಿಗೆ ಒಗ್ಗಬೇಕೆಂದರೆ ಬಿಸಿಲಿನಲ್ಲೇ ದುಡಿಯಬೇಕು, ಅದೂ ಒಂದೆರಡು ವಾರ ದಿನಾ ಸ್ವಲ್ಪ ಸ್ವಲ್ಪವಾಗಿ. ಆಗ ಬೆವರು ಬೇಗ ಹುಟ್ಟುತ್ತದೆ, ಬೆವರಿನೊಡನೆ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಹೃದಯದ ಮೇಲಿನ ಭಾರ ಇಳಿಯುತ್ತದೆ. ಊರಿನ ವಿಳಾಸ ಬದಲಾಯಿಸಿದ ಮಾತ್ರಕ್ಕೆ ಇದು ಯಾವುದೂ ಮೈಗೆ ಬರುವುದಿಲ್ಲ.

ಅಹಮದಾಬಾದು ಈ ಪಾಠವನ್ನು ಜೀವ ತೆತ್ತು ಕಲಿತ ನಗರ. 2010ರ ಮೇ 21ರಂದು ಅಲ್ಲಿ ಉಷ್ಣಾಂಶ 46.8 ಡಿಗ್ರಿಗೆ ಏರಿತ್ತು. ಆ ಒಂದೇ ತಿಂಗಳಲ್ಲಿ, ವಾಡಿಕೆಯಾಗಿ ಸಾಯುವವರಿಗಿಂತ 1,344 ಜನ ಹೆಚ್ಚು ಸತ್ತರು. ನಗರಪಾಲಿಕೆ, ಗಾಂಧಿನಗರದ ಸಾರ್ವಜನಿಕ ಆರೋಗ್ಯ ಸಂಸ್ಥೆ ಮತ್ತು ಹೊರಗಿನ ತಜ್ಞರು ಸೇರಿ 2013ರಲ್ಲಿ ದಕ್ಷಿಣ ಏಷ್ಯಾದಲ್ಲೇ ಮೊದಲನೆಯದಾದ ಶಾಖ ಕಾರ್ಯಯೋಜನೆಯನ್ನು ತಂದರು. ಮುನ್ಸೂಚನೆ 45 ಡಿಗ್ರಿ ಮುಟ್ಟಿದರೆ ಕೆಂಪು ಎಚ್ಚರಿಕೆ, ಅದಕ್ಕೆ ಕೆಳಗೆ ಕಿತ್ತಳೆ, ಹಳದಿ. ಬಣ್ಣ ಬದಲಾದೊಡನೆ ಯಾರು ಏನು ಮಾಡಬೇಕೆಂಬುದು ಮೊದಲೇ ಕಾಗದದ ಮೇಲಿರುತ್ತದೆ: ಆಸ್ಪತ್ರೆಯಲ್ಲಿ ಮಂಜುಗಡ್ಡೆ, ಬೀದಿಯಲ್ಲಿ ಕುಡಿಯುವ ನೀರು, ಹಗಲೆಲ್ಲ ತೆರೆದ ಉದ್ಯಾನ. ದ್ವಿಚಕ್ರ ಸವಾರರು ಬಿಸಿಲಲ್ಲಿ ನಿಂತು ಬೇಯದಿರಲೆಂದು ಬೇಸಿಗೆಯ ಮಧ್ಯಾಹ್ನ ಹಲವು ಸಿಗ್ನಲ್‌ಗಳನ್ನು ಆರಿಸಿಬಿಡುವುದೂ ಉಂಟು. 2016ರ ಮೇ 20ರಂದು ಅದೇ ನಗರ 48 ಡಿಗ್ರಿ ಕಂಡಿತು. ಯೋಜನೆ ಬಂದ ಮೇಲಿನ ಬೇಸಿಗೆಗಳನ್ನು ಲೆಕ್ಕ ಹಾಕಿದ ಒಂದು ಅಧ್ಯಯನ, ವರ್ಷಕ್ಕೆ ಸುಮಾರು 1,190 ಸಾವು ತಪ್ಪಿವೆಯೆಂದು ಅಂದಾಜು ಮಾಡಿತು. ಬಿಸಿಲು ಕಡಿಮೆಯಾಗಿರಲಿಲ್ಲ. ಬಿಸಿಲು ಏರಿದ ಮೇಲೆ ಯೋಚಿಸುವ ಪದ್ಧತಿಯನ್ನು ನಗರ ಕೈಬಿಟ್ಟಿತ್ತು.

ಆ ರಾತ್ರಿ ಫೋನಿನಲ್ಲಿ ಮರುದಿನದ ಬಣ್ಣ ಕಿತ್ತಳೆ. ನಾನೂ ಅವನೂ ಕರಾರು ಮಾಡಿಕೊಂಡೆವು. ಬೆಳಿಗ್ಗೆ ಹತ್ತೂವರೆಗೆ ಎಲ್ಲಿದ್ದೇವೋ ಅಲ್ಲಿ ಎಡಗಡೆ ಸಿಗುವ ಮೊದಲ ನೆರಳಿಗೆ ಗಾಡಿ ಹಾಕಬೇಕು, ಸಂಜೆ ನಾಲ್ಕೂವರೆವರೆಗೆ ಕೀಲಿ ಮುಟ್ಟಬಾರದು. ನಲವತ್ತು ಕಿಲೋಮೀಟರಿಗೊಮ್ಮೆ ಇಳಿದು ಉಪ್ಪು-ಸಕ್ಕರೆಯ ನೀರು ಕುಡಿಯಬೇಕು. ಕಿರಿಯ ಮುಂದೆ, ಹಿರಿಯ ಹಿಂದೆ. ಹಿಂದಿನವನ ದೀಪ ಮೂರು ಸಲ ಮಿನುಗಿದರೆ ಯಾಕೆಂದು ಕೇಳದೆ ಎಡಕ್ಕೆ ನಿಲ್ಲಬೇಕು.

"ಅಷ್ಟ ಹೌದಲ್ಲೋ? ಮಾತು ಮಾತ."

"ಮಾತು ಮಾತ ರಿ ಮಾಮಾ."

ಅಸಲಾಲಿಯ ಕತ್ತಲು

ನಾಲ್ಕೂವರೆಗೆ ಹೊರಟೆವು. ವಡೋದರಾಕ್ಕೆ 93 ಕಿಲೋಮೀಟರಿನ ಎಕ್ಸ್‌ಪ್ರೆಸ್‌ವೇ ಇದೆ, ಆದರೆ ದ್ವಿಚಕ್ರಗಳಿಗೆ ಅಲ್ಲಿ ಪ್ರವೇಶವಿಲ್ಲ. ನಾರೋಲ್ ದಾಟಿ ಹಳೆಯ ಹೆದ್ದಾರಿ ಹಿಡಿದೆವು. ನಸುಕಿನ ಗಾಳಿಯೂ ಬೆಚ್ಚಗಿತ್ತು. ಅಸಲಾಲಿಯಲ್ಲಿ ಮೊದಲ ಚಹಾ.

ಅಸಲಾಲಿಯಲ್ಲೇ ನಿಲ್ಲಬೇಕೆಂದು ನಾನು ಹಟ ಹಿಡಿದಿದ್ದೆ. 1930ರ ಮಾರ್ಚ್ 12ರಂದು ಸಾಬರಮತಿ ಆಶ್ರಮದಿಂದ ದಂಡಿಯ ಉಪ್ಪಿನ ಸತ್ಯಾಗ್ರಹಕ್ಕೆ ಹೊರಟ ಗಾಂಧೀಜಿ ಮತ್ತು ಅವರ ಸಂಗಡಿಗರು ಮೊದಲ ರಾತ್ರಿ ತಂಗಿದ ಊರು ಇದು. ಆ ಸಾಲಿನಲ್ಲಿದ್ದ ಒಬ್ಬನೇ ಕನ್ನಡಿಗ ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಆಗ ಅವರಿಗೆ ಹದಿನೆಂಟು. ಮುಂದೆ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಎದೆಯೊಡ್ಡಿ ಹುತಾತ್ಮರಾದವರು. ನಾವು ಹೊರಟಿದ್ದ ಹೆದ್ದಾರಿ ಅವರ ಊರನ್ನು ಸವರಿಕೊಂಡೇ ಹೋಗುತ್ತದೆ.

ಅವರ ಹೆಸರು ನಮ್ಮ ಕಡೆಯ ಪ್ರತಿ ಮಗುವಿಗೂ ಗೊತ್ತು. ಅವರು ನಡೆದ ಕ್ರಮ ಅಷ್ಟಾಗಿ ಗೊತ್ತಿಲ್ಲ. ಸುಮಾರು 385 ಕಿಲೋಮೀಟರ್, 24 ದಿನ. ಬೆಳಿಗ್ಗೆ ಒಂದು ಊರಿನವರೆಗೆ ನಡಿಗೆ, ಬಿಸಿಲಿನ ಹೊತ್ತು ಅಲ್ಲೇ ಬೀಡು, ಇಳಿಹೊತ್ತಿಗೆ ಇನ್ನೊಂದು ಊರಿಗೆ. ಸೋಮವಾರ ಗಾಂಧೀಜಿಯ ಮೌನದ ದಿನ, ಅಂದು ನಡಿಗೆಯೇ ಇಲ್ಲ. ನಡಿಯಾದ್ ಆಯಿತು, ಆನಂದ್ ಆಯಿತು, ಭರೂಚ್, ಅಂಕಲೇಶ್ವರ, ಸೂರತ್ ಆಯಿತು. ಅರವತ್ತು ದಾಟಿದ ಮುದುಕನೂ ಹದಿನೆಂಟರ ಹುಡುಗನೂ ಒಂದೇ ಸಾಲಿನಲ್ಲಿ ಏಪ್ರಿಲ್ 5ಕ್ಕೆ ದಂಡಿಯ ಕಡಲು ಮುಟ್ಟಿದರು. ಎಲ್ಲಿ ನಿಲ್ಲಬೇಕೆಂಬುದು ಹೊರಡುವ ಮೊದಲೇ ಊರಿಂದೂರಿಗೆ ಗೊತ್ತಾಗಿತ್ತು. ಇಡೀ ದೇಶ ಕಾಯುತ್ತಿದ್ದರೂ ಅವರು ಮಧ್ಯಾಹ್ನದ ಬಿಸಿಲಿಗೆ ಮೈಯೊಡ್ಡಲಿಲ್ಲ.

ಹುಡುಗ ಚಹಾ ಹೀರುತ್ತ ಕೇಳಿಸಿಕೊಂಡ. "ನಮಗೂ ಹತ್ತೂವರಿ ಗೊತ್ತುಪಡಿಸೀರಲ್ರಿ" ಅಂದ. ಬೆಳಕು ಹರಿಯುವಾಗ ಖೇಡಾ ದಾಟಿದ್ದೆವು. ವಾಸದ್ ಬಳಿ ಮಹಿ ನದಿಯ ಸೇತುವೆ. ಅಲ್ಲಿ ಒಳಗಿನ ಹತ್ತಿ ಅಂಗಿಗಳನ್ನು ನೀರಲ್ಲಿ ಅದ್ದಿ, ಹಿಂಡದೆ ತೊಟ್ಟು, ಮೇಲೆ ಜಾಕೆಟ್ ಹಾಕಿಕೊಂಡೆವು. ಒಣ ಹವೆಯಲ್ಲಿ ಸವಾರನಿಗೆ ಇದಕ್ಕಿಂತ ಒಳ್ಳೆಯ ರಕ್ಷೆಯಿಲ್ಲ. ಏಳರ ಹೊತ್ತಿಗೆ ವಡೋದರಾ ಬೈಪಾಸ್. ಎಲ್ಲವೂ ಎಣಿಸಿದಂತೆ ನಡೆದಿತ್ತು.

ಕಳುವಾದ ತಾಸುಗಳು

ಜಾಂಬುವಾ ಸೇತುವೆಯ ಹತ್ತಿರ ರಸ್ತೆ ಕಟ್ಟಿಹೋಗಿತ್ತು. ಅಗಲ ಹೆದ್ದಾರಿ ಅಲ್ಲಿ ಕಿರಿದಾದ ಸೇತುವೆಗೆ ಬಂದು ಬೀಳುತ್ತಿತ್ತು. ವಡೋದರಾ-ಭರೂಚ್ ನಡುವೆ ಓಡಾಡುವವರಿಗೆಲ್ಲ ಆ ಜಾಗ ಗೊತ್ತು. ಅಂದು ಒಂದು ಲಾರಿ ಅಡ್ಡ ನಿಂತಿತ್ತು. ಅದರ ಹಿಂದೆ ಕಣ್ಣು ಹಾಯುವಷ್ಟೂ ಲಾರಿಗಳು, ನಡುವೆ ಬೈಕು ತೂರಿಸಲೂ ಸಂದಿಲ್ಲ. ಕೆಳಗೆ ಡಾಂಬರಿನ ಝಳ, ಪಕ್ಕದಲ್ಲಿ ಲಾರಿ ಎಂಜಿನ್ನುಗಳ ಝಳ. ಎಂಟಾಯಿತು, ಒಂಬತ್ತಾಯಿತು. ಅಂಗಿ ಒಣಗಿತು, ಮತ್ತೆ ನೆನೆಸಿದೆವು, ಮತ್ತೆ ಒಣಗಿತು.

ಬಿಡಿಸಿಕೊಂಡು ಪೋರ್ ದಾಟಿದೆವೋ ಇಲ್ಲವೋ, ಹುಡುಗನ ಹಿಂದಿನ ಚಕ್ರ ಕುಸಿಯಿತು. ಮೊಳೆ. ಟ್ಯೂಬ್ ಹರಿದಿತ್ತು. ಪಂಕ್ಚರ್ ಅಂಗಡಿ ಎರಡು ಕಿಲೋಮೀಟರ್ ಮುಂದೆ. ನೆರಳಿಲ್ಲದ ರಸ್ತೆಯ ಅಂಚಿನಲ್ಲಿ, ದಪ್ಪ ಜಾಕೆಟ್ ತೊಟ್ಟು, ಸರಂಜಾಮು ಹೇರಿದ ಗಾಡಿಯನ್ನು ತಳ್ಳಿದ. ನಾನು ಹಿಂದಿನಿಂದ ಕೈಕೊಡಲು ಹೋದರೆ, "ನಿಮ್ಮ ಗಾಡಿ ನೀವು ತಗೊಂಡು ನಡೀರಿ, ಇದು ನನಗ ಯಾವ ಲೆಕ್ಕ" ಅಂದ.

ನಿಜವಾದ ಅಪಾಯ ಹೊಕ್ಕಿದ್ದು ಅಲ್ಲೇ. ಸುಮ್ಮನೆ ಕೂತವನಿಗೆ ಹೊರಗಿನ ಶಾಖ ಒಂದೇ ವೈರಿ. ದುಡಿಯುವ ಸ್ನಾಯುಗಳು ಒಳಗಿನಿಂದಲೂ ಶಾಖ ಹುಟ್ಟಿಸುತ್ತವೆ. ಅದು ಹೊರಬೀಳಲು ಚರ್ಮಕ್ಕೆ ರಕ್ತ ಬೇಕು, ಬೆವರಿಗೆ ನೀರು ಬೇಕು. ನೀರು ಇಳಿದಂತೆ ರಕ್ತ ಕಡಿಮೆಯಾಗಿ ಎರಡಕ್ಕೂ ಸಾಲದಾಗುತ್ತದೆ, ಮೈಯ ಒಳಶಾಖ ಏರತೊಡಗುತ್ತದೆ.

ಅಂಗಡಿಯೆಂದರೆ ತಗಡಿನ ಗೂಡು, ಒಳಗೆ ಹೊರಗಿಗಿಂತ ಹೆಚ್ಚು ಧಗೆ. ಹುಡುಗ ಬಾಟಲಿ ಎತ್ತಿ ಕುಡಿದ, ನಕ್ಕ, ಮಾತಾಡಿದ. ಹಣ ಕೊಡುವಾಗ ಹತ್ತು ರೂಪಾಯಿಗೆ ಅಂಗಡಿಯವನ ಮೇಲೆ ಸಿಡುಕಿದ. ಯಾರಿಗೂ ಸಿಡುಕದ ಹುಡುಗ. ಸೆಕೆಯಲ್ಲಿ ಸಿಡುಕು ಸಹಜವೆಂದು ಎಲ್ಲರಿಗೂ ಅನಿಸುತ್ತದೆ. ಶಾಖ ಮಿದುಳಿಗೆ ಏರುವಾಗ ತೋರಿಸುವ ಮೊದಲ ಗುರುತುಗಳಲ್ಲಿ ಅದೂ ಒಂದು. ಗಡಿಯಾರ ಹತ್ತೂಕಾಲು ದಾಟಿತ್ತು. ನಾಲ್ಕು ಕಿಲೋಮೀಟರಿನಲ್ಲಿ ಬೇವಿನ ಮರಗಳ ಢಾಬಾ ಇದೆಯೆಂದು ಅಂಗಡಿಯವನು ಕೈ ತೋರಿಸಿದ.

"ಅಲ್ಲೇ ನಿಂದರೂದು. ಇವತ್ತಿಗೆ ಅಲ್ಲೀತನಾ."

"ಹೂಂ ರಿ ಮಾಮಾ."

ಅದೇ ಅವನು ಸರಿಯಾಗಿ ಆಡಿದ ಕೊನೆಯ ಮಾತು.

ಕರ್ಜನ್ ದಾಟಿ

ಗಾಡಿ ಓಡಿದರೆ ಗಾಳಿ ಬೀಸುತ್ತದೆ, ಗಾಳಿ ಬೀಸಿದರೆ ತಂಪು ಎಂದು ಸವಾರನ ಮೈ ನಂಬಿರುತ್ತದೆ. ನಮ್ಮ ಚರ್ಮದ ಶಾಖ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ತಣ್ಣಗಿರುವವರೆಗೆ ಆ ನಂಬಿಕೆ ನಿಜ. ಗಾಳಿಯೇ ನಲವತ್ತು ದಾಟಿದಾಗ ಓಡುವ ಗಾಡಿಯ ಗಾಳಿ ಊದುಗೊಳವೆಯಿಂದ ಒಲೆಗೆ ಊದಿದ ಉಸಿರಾಗುತ್ತದೆ. ಬೆವರು ಹುಟ್ಟಿದ ಕ್ಷಣವೇ ಆರಿಹೋಗುವುದರಿಂದ ತಾನು ಬೆವರುತ್ತಿರುವುದೂ, ಒಣಗುತ್ತಿರುವುದೂ ಸವಾರನಿಗೆ ಕಾಣುವುದಿಲ್ಲ.

ಢಾಬಾ ಹಿಂದೆ ಉಳಿಯಿತು. ಕರ್ಜನ್ನಿನ ಮೇಲ್ಸೇತುವೆ ಬಂತು. ಅವನು ಹತ್ತಿದ, ನಾನೂ ಹತ್ತಿದೆ. ಇಳಿಜಾರಿನಲ್ಲಿ ಅವನ ಗಾಡಿ ಎಡಪಥ ಬಿಟ್ಟು ನಡುಪಥಕ್ಕೆ ಹೊರಳಿತು. ತಿರುಗಿಸಿದ್ದಲ್ಲ, ತಾನಾಗಿ ಜಾರಿದ್ದು. ಹಿಂದಿನ ಟ್ಯಾಂಕರ್ ಕಿವಿ ಕಿತ್ತುಹೋಗುವ ಹಾರ್ನ್ ಹೊಡೆದು ಬಲಕ್ಕೆ ಸರಿಯಿತು. ಟ್ಯಾಂಕರಿನ ಗಾಳಿಗೆ ಅವನ ಗಾಡಿ ಅಲುಗಿ ಮತ್ತೆ ನೆಟ್ಟಗಾಯಿತು. ಅವನು ಬೆಚ್ಚಲಿಲ್ಲ. ಆ ಹಾರ್ನಿಗೆ ಬೆಚ್ಚದವನು ಎಚ್ಚರದಲ್ಲಿಲ್ಲ.

ಮುಂದಿನಿಂದ ಅಡ್ಡ ಹಾಕುವಂತಿಲ್ಲ. ಬ್ರೇಕ್ ಹಿಡಿಯುವ ಕೈ ಅವನದು, ಆ ಕೈಗೆ ಅಪ್ಪಣೆ ಕೊಡುವ ತಲೆ ಕೆಲಸ ಮಾಡುತ್ತಿಲ್ಲ. ಹಿಂದೆ ಇದ್ದರೆ ಇನ್ನೊಂದು ಟ್ಯಾಂಕರ್ ಬರುವುದನ್ನು ನೋಡುತ್ತಿರಬೇಕಷ್ಟೆ. ನಾನು ಅವನ ಬಲಕ್ಕೆ, ಅವನಿಗೂ ಲಾರಿಗಳಿಗೂ ನಡುವೆ, ಗಾಡಿ ತಂದು ಸಮನಾದೆ. ಎಡಗೈ ಎತ್ತಿ ಬೀಸಿದೆ.

"ನಿಂದರೋ! ಏ ತಮ್ಮಾ, ನಿಂದರೋ!"

ಅವನು ತಿರುಗಿ ನೋಡಿದ. ಹೆಲ್ಮೆಟ್ಟಿನ ಗಾಜು ಮೇಲಿತ್ತು. ಮುಖ ಕೆಂಪಗೆ ಕೆಂಡವಾಗಿತ್ತು, ತುಟಿ ಬಿಳಿಚಿತ್ತು. ಆ ಕಣ್ಣುಗಳು ನನ್ನನ್ನು ಕಂಡವು, ಗುರುತಿಸಲಿಲ್ಲ. ತೊಟ್ಟಿಲಿನಿಂದ ಎತ್ತಿ ಆಡಿಸಿದ ಮಗು, ನನ್ನನ್ನು ಯಾರೋ ದಾರಿಹೋಕನೆಂದು ನೋಡಿ ಮತ್ತೆ ಮುಂದಕ್ಕೆ ಮುಖ ಮಾಡಿತು.

ವೇಗ ಇಳಿಯುತ್ತಿತ್ತು. ಅರವತ್ತು, ಐವತ್ತು. ಆಕ್ಸಲರೇಟರ್ ಮೇಲಿನ ಅವನ ಹಿಡಿತ ಸಡಿಲಾಗುತ್ತಿತ್ತು. ಗಾಡಿ ಓಲಾಡತೊಡಗಿತು. ನಾನು ನನ್ನ ಗಾಡಿಯನ್ನು ಅವನ ಕಡೆಗೆ ಅಂಗುಲ ಅಂಗುಲವಾಗಿ ಸರಿಸಿದೆ. ಅವನು ಎಡಕ್ಕೆ ಸರಿದ. ಇನ್ನಷ್ಟು ಸರಿಸಿದೆ, ಇನ್ನಷ್ಟು ಸರಿದ. ನಲವತ್ತು. ಎಡಪಥ ಸಿಕ್ಕಿತು. ಹಿಂದಿನಿಂದ ಬಸ್ಸೊಂದು ಹಾರ್ನ್ ಹೊಡೆಯುತ್ತ ಬಂದು ಬಲದಿಂದ ಹಾಯಿತು. ಮುಂದೆ ಒಂದು ಟ್ರ್ಯಾಕ್ಟರ್ ನಿಧಾನವಾಗಿ ಹೋಗುತ್ತಿತ್ತು, ಟ್ರೇಲರಿನ ತುಂಬ ಕಬ್ಬಿಣದ ಪೈಪು, ಪೈಪಿನ ತುದಿಗಳು ಹಿಂದಕ್ಕೆ ಚಾಚಿದ್ದವು. ಹುಡುಗ ಅವುಗಳ ಕಡೆಗೇ ಹೋಗುತ್ತಿದ್ದ.

ಬಲಗಡೆಯ ಹ್ಯಾಂಡಲ್ ಮೇಲೆ ಕೆಂಪು ಗುಂಡಿ ಇರುತ್ತದೆ, ಎಂಜಿನ್ ಆರಿಸುವುದು. ನನ್ನ ಎಡಗೈಗೂ ಆ ಗುಂಡಿಗೂ ನಡುವೆ ಒಂದು ಮೊಳ. ಮೂವತ್ತರ ವೇಗ. ಕ್ಲಚ್ ಬಿಟ್ಟೆ, ಸೀಟಿನಿಂದ ಅರ್ಧ ಎದ್ದು ಬಾಗಿದೆ. ಬೆರಳು ಅವನ ಮುಂಗೈಗೆ ತಾಗಿತು. ಗ್ಲೌಸಿನ ಮೇಲಿನ ಚರ್ಮ ಸುಡುತ್ತಿತ್ತು. ಮತ್ತೊಮ್ಮೆ ಚಾಚಿದೆ. ಗುಂಡಿ ಸಿಕ್ಕಿತು. ಒತ್ತಿದೆ.

ಎಂಜಿನ್ ಸತ್ತಿತು. ಗೇರಿನಲ್ಲಿದ್ದ ಗಾಡಿ ಕುಲುಕಿ ಕುಲುಕಿ ವೇಗ ಕಳೆದುಕೊಂಡಿತು. ಡಾಂಬರಿನ ಅಂಚು ಇಳಿದು ಮಣ್ಣಿಗೆ ಬಂತು. ಅವನ ಎಡಗಾಲು ಅಭ್ಯಾಸಬಲದಿಂದ ನೆಲಕ್ಕೆ ಚಾಚಿತು, ಕಾಲು ತಡೆಯಲಿಲ್ಲ. ಗಾಡಿಯೂ ಅವನೂ ಕರಿಮಣ್ಣಿನ ಮೇಲೆ ಮೆಲ್ಲಗೆ ಉರುಳಿದರು. ಪೈಪುಗಳ ಟ್ರ್ಯಾಕ್ಟರ್ ತನ್ನ ಪಾಡಿಗೆ ದೂರವಾಯಿತು.

ಮೊದಲು ನೀರು

ರಸ್ತೆಯ ಅಂಚಿನಾಚೆ ಹತ್ತಿ ಕಿತ್ತು ಬರಿದಾದ ಹೊಲ. ನಮ್ಮ ಕಡೆಯ ಎರೆಭೂಮಿಯೇ. ಬದುವಿನಲ್ಲಿ ಒಂದು ಬೇವಿನ ಮರ, ಮರದ ಬುಡದಲ್ಲಿ ಅರವಟ್ಟಿಗೆ: ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಗಳು, ಪಕ್ಕದಲ್ಲಿ ಒಬ್ಬ ಮುದುಕಿ. ಗುಜರಾತಿನ ದಾರಿಗಳಲ್ಲಿ ಬೇಸಿಗೆ ಬಂತೆಂದರೆ ಇಂಥ ಪರಬ್‌ಗಳನ್ನು ಊರವರೇ ನಡೆಸುತ್ತಾರೆ. ಹೊಲದಲ್ಲಿದ್ದ ಇಬ್ಬರು ಓಡಿ ಬಂದರು. ಮೂವರೂ ಸೇರಿ ಹುಡುಗನನ್ನು ಹೊತ್ತು ನೆರಳಿಗೆ ತಂದೆವು.

ಹೆಲ್ಮೆಟ್, ಜಾಕೆಟ್, ಬೂಟು ಕಿತ್ತೆಸೆದೆ. ಅಂಗಿ ಒದ್ದೆಯಾಗಿತ್ತು, ಬೆವರಿನಿಂದಲೇ. ಬೆವರು ನಿಂತರೆ ಮಾತ್ರ ಶಾಖಾಘಾತ ಎಂದು ನಂಬಿದವರಿದ್ದಾರೆ. ಮನೆಯೊಳಗೆ ಬೆಂದ ವೃದ್ಧರಲ್ಲಿ ಹೆಚ್ಚಾಗಿ ಹಾಗಾಗುತ್ತದೆ. ದುಡಿದು ಬಿದ್ದ ಯುವಕನಲ್ಲಿ ಬೆವರು ಹರಿಯುತ್ತಿರುವಾಗಲೇ ಒಳಶಾಖ 40 ದಾಟಿರಬಹುದು. ಗುರುತು ಬೆವರಿನಲ್ಲಿಲ್ಲ, ಬುದ್ಧಿಯಲ್ಲಿದೆ.

"ನಿಮ್ಮವ್ವನ ಹೆಸರೇನೋ?" ಎಂದು ಕೇಳಿದೆ. ಅವನು ಏನೋ ತೊದಲಿದ. ಹೆಸರು ಬರಲಿಲ್ಲ.

108ಕ್ಕೆ ಕರೆ ಮಾಡಿದೆ: ಕರ್ಜನ್ ದಾಟಿ, ಪಾಲೇಜ್ ಕಡೆಗೆ, ಎಡಬದಿ, ಬೇವಿನ ಮರ, ಎರಡು ಬೈಕು. ಮುದುಕಿ ನನ್ನ ಮಾತು ಮುಗಿಯಲು ಕಾಯಲಿಲ್ಲ. ಒಂದು ಮಡಕೆ ಎತ್ತಿ ಅವನ ತಲೆಯಿಂದ ಪಾದದವರೆಗೆ ಸುರಿದಳು. ಇನ್ನೊಂದು ಎತ್ತಿದಳು. "ದೀಕ್ರಾ, ದೀಕ್ರಾ" (ಮಗನೇ, ಮಗನೇ) ಎನ್ನುತ್ತಲೇ ಸುರಿದಳು. ಹೊಲದವರಲ್ಲಿ ಒಬ್ಬ ಬೋರ್‌ವೆಲ್ಲಿನ ಮೋಟಾರು ಹಾಕಿ ಪೈಪು ಎಳೆದು ತಂದ. ಇನ್ನೊಬ್ಬ ಗೋಣಿಚೀಲ ಹಿಡಿದು ಬೀಸತೊಡಗಿದ. ನಾನು ಒದ್ದೆ ಟವೆಲ್ಲುಗಳನ್ನು ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಟ್ಟು, ಬಿಸಿಯಾದಂತೆ ಬದಲಾಯಿಸಿದೆ. ಮುದುಕಿ ಬಾಯಿಗೆ ನೀರು ಹಿಡಿದಾಗ ಮಾತ್ರ ಕೈ ತಡೆದೆ. ಎಚ್ಚರವಿಲ್ಲದವನಿಗೆ ಕುಡಿಸಿದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಜ್ವರದ ಮಾತ್ರೆಯೂ ಇಲ್ಲಿ ಕೆಲಸಕ್ಕೆ ಬಾರದು, ಇದು ಜ್ವರವಲ್ಲ.

ಶಾಖಾಘಾತದಲ್ಲಿ ಮೊದಲ ಅರ್ಧ ತಾಸೇ ಬದುಕು. ಮೊದಲು ತಣ್ಣಗೆ ಮಾಡಬೇಕು, ಆಮೇಲೆ ಸಾಗಿಸಬೇಕು. ಒಣ ಬಟ್ಟೆಯಲ್ಲಿ ಕಾರಿಗೆ ಹಾಕಿಕೊಂಡು ಆಸ್ಪತ್ರೆ ಹುಡುಕುತ್ತ ಹೊರಟರೆ, ಆಸ್ಪತ್ರೆ ಸಿಗುವ ಹೊತ್ತಿಗೆ ಮಿದುಳು, ಮೂತ್ರಪಿಂಡ, ಯಕೃತ್ತು ಬೆಂದಿರುತ್ತವೆ. ಮುದುಕಿಗೂ ಹೊಲದ ಆ ಇಬ್ಬರಿಗೂ ಇದನ್ನು ಯಾರೂ ಕಲಿಸಿರಲಿಲ್ಲ. ಬಿಸಿಲಲ್ಲಿ ಬಿದ್ದವನಿಗೆ ನೀರು ಸುರಿಯಬೇಕೆಂಬುದು ಆ ಬಿಸಿಲಲ್ಲೇ ಬಾಳಿದವರಿಗೆ ಗೊತ್ತಿತ್ತು.

ಸುರಿದೆವು, ಬೀಸಿದೆವು, ಸುರಿದೆವು. ನೀರು ಹರಿದು ಕರಿಮಣ್ಣು ಕೆಸರಾಯಿತು. ಹುಡುಗನಿಗೆ ನಡುಕ ಹತ್ತಿತು. ಕಣ್ಣು ತೆರೆದ. ಮೇಲೆ ಬೇವಿನ ಎಲೆ ನೋಡಿದ, ಮುದುಕಿಯನ್ನು ನೋಡಿದ, ನನ್ನನ್ನು ನೋಡಿದ.

"ಯಾಕ್ರಿ ಮಾಮಾ... ಢಾಬಾ ಬಂತೇನ್ರಿ?"

ಆಂಬುಲೆನ್ಸಿನ ಸದ್ದು ಕೇಳಿದ್ದು ಅದಾದ ಮೇಲೆ. ಇಷ್ಟೆಲ್ಲ ನೀರು ಸುರಿದ ನಂತರವೂ ಅವರ ಥರ್ಮಾಮೀಟರ್ 39ರ ಮೇಲೆ ತೋರಿಸಿತು.

ಕಷ್ಟದ ನಿಲುಗಡೆ

ಭರೂಚಿನ ಆಸ್ಪತ್ರೆಯಲ್ಲಿ ರಾತ್ರಿಯಿಡೀ ಸಲೈನ್ ಏರಿತು. ಮರುದಿನ ಬೆಳಿಗ್ಗೆ ರಕ್ತದ ವರದಿ ಆತಂಕದ್ದಾಗಿರಲಿಲ್ಲ. ಹೊಲದವರು ಎರಡೂ ಗಾಡಿಗಳನ್ನು ಟೆಂಪೋದಲ್ಲಿ ಹೇರಿ ಕಳಿಸಿದ್ದರು. ಸಂಜೆಯ ಹೊತ್ತಿಗೆ ಹುಡುಗ ಎದ್ದು ಕೂತು, ಎರಡು ಲೋಟ ಮಜ್ಜಿಗೆ ಕುಡಿದು, ಕಿಟಕಿಯಾಚೆ ನೋಡಿದ.

"ಮಾಮಾ, ಸೂರತ್ ಎಪ್ಪತ್ತ ಕಿಲೋಮೀಟರ್. ನಾಳೆ ನಸಕಿನ್ಯಾಗ ಬಿಟ್ರ ತಾಸೂವರಿ. ಈಗ ಆರಾಮ್ ಅದೇನ್ರಿ."

ಆರಾಮಾಗಿಯೇ ಇದ್ದ. ಮಾತು ನೆಟ್ಟಗಿತ್ತು, ಕೈ ನಡುಗುತ್ತಿರಲಿಲ್ಲ. ಬಿದ್ದವನನ್ನು ತಡೆಯುವುದು ಸುಲಭ, ಅವನ ಮೈಯೇ ತಡೆದಿರುತ್ತದೆ. ಎದ್ದವನನ್ನು ತಡೆಯಲು ತಿಳಿವಳಿಕೆ ಬೇಕು. ವೈದ್ಯೆ ವಿವರಿಸಿದ್ದನ್ನು ಅವನಿಗೆ ಹೇಳಿದೆ: ಶಾಖಾಘಾತ ಕಂಡ ಮೈಯ ಶಾಖ ತಡೆಯುವ ಶಕ್ತಿ ಮರಳಲು ವಾರಗಳೇ ಬೇಕು, ಆ ನಡುವೆ ಕಡಿಮೆ ಬಿಸಿಲೂ ಅದನ್ನು ಮತ್ತೆ ಕೆಡವಬಹುದು, ಸ್ನಾಯು ಮತ್ತು ಮೂತ್ರಪಿಂಡದ ಪೆಟ್ಟು ತಡವಾಗಿ ಕಾಣಿಸಿಕೊಳ್ಳುವುದರಿಂದ ರಕ್ತಪರೀಕ್ಷೆ ಮತ್ತೆ ಆಗಬೇಕು. ಅವನು ಗೋಡೆಯ ಕಡೆ ಹೊರಳಿದ. ಅಹಮದಾಬಾದಿನಿಂದ ಹಾವೇರಿಗೆ ಗಾಡಿಯ ಮೇಲೆ ಬರುತ್ತೇನೆಂದು ಗೆಳೆಯರಿಗೆಲ್ಲ ಹೇಳಿಕೊಂಡಿದ್ದ ಹುಡುಗ. ಕಣ್ಣು ತುಂಬಿತ್ತು.

ಅಕ್ಕನಿಗೆ ಫೋನ್ ಹಚ್ಚಿ ಎಲ್ಲ ಹೇಳಿದೆ. "ಗಾಡಿ ಅಲ್ಲೇ ಬಿದ್ದಿರಲಿ ತಮ್ಮಾ, ಹುಡುಗನ್ನ ಕರಕೊಂಡು ಬಾ" ಅಂದಳು. ಫೋನು ಅವನ ಕೈಗೆ ಕೊಟ್ಟೆ. ಅವ್ವನ ಮಾತಿಗೆ ಅವನು ಎದುರಾಡಲಿಲ್ಲ.

ನರ್ಮದೆಯನ್ನು ದಾಟಿದ್ದು ರೈಲಿನಲ್ಲಿ. ಪಕ್ಕದಲ್ಲಿ 1881ರ ಹಳೆಯ ಗೋಲ್ಡನ್ ಬ್ರಿಜ್. ಸೂರತ್ತಿನಲ್ಲಿ ಸೀರೆ ವ್ಯಾಪಾರ ಮಾಡುವ ಪರಿಚಯದ ಕನ್ನಡಿಗರ ಮನೆಯಲ್ಲಿ ಅವನು ಚೇತರಿಸಿಕೊಳ್ಳುವವರೆಗೆ ಇದ್ದೆವು. ಅಲ್ಲಿ ಉಷ್ಣಾಂಶ 37 ಆಸುಪಾಸು, ಅಹಮದಾಬಾದಿಗಿಂತ ಎಷ್ಟೋ ಕಡಿಮೆ. ಆದರೆ ಖಂಭಾತ್ ಕೊಲ್ಲಿಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಮೈಮೇಲೆ ಇಳಿಯುತ್ತದೆ ಅಷ್ಟೆ. ಆರದ ಬೆವರು ತಂಪು ಕೊಡುವುದಿಲ್ಲ. ನೆನೆಸಿದ ಅಂಗಿಯೂ ಅಲ್ಲಿ ಕಾಯುವುದಿಲ್ಲ. ಅಂಕಿ ಇಳಿಯಿತೆಂದು ಧೈರ್ಯವಾಗಿ ಆ ದಾರಿ ಹಿಡಿದಿದ್ದರೆ, ಬಳಲಿದ ಅವನ ಮೈಗೆ ಆ 37 ಇನ್ನೊಂದು ಬಲೆಯಾಗುತ್ತಿತ್ತು.

ನಿಲ್ಲಬೇಕಾದ ಹೊತ್ತು ಬಂದಾಗ ಮೈಯೇ ಹೇಳುತ್ತದೆ ಎಂದು ನಂಬಿ ಎಷ್ಟೋ ಜನ ಬೇಸಿಗೆಯಲ್ಲಿ ಗಾಡಿ ತೆಗೆಯುತ್ತಾರೆ. ಹೇಳಬೇಕಾದದ್ದು ಮಿದುಳು, ಮತ್ತು ಶಾಖ ಮೊದಲು ಮಂಕಾಗಿಸುವುದು ಮಿದುಳನ್ನೇ. ಆದ್ದರಿಂದ ನಿಲ್ಲುವ ತೀರ್ಮಾನ ತಣ್ಣಗಿನ ತಲೆಯಲ್ಲಿ, ಹೊರಡುವ ಹಿಂದಿನ ರಾತ್ರಿ ಆಗಬೇಕು. ಗಡಿಯಾರದ ಮೇಲೆ ಆಗಬೇಕು, ಉತ್ಸಾಹದ ಮೇಲೆ ಅಲ್ಲ. ಅದನ್ನು ಜಾರಿಗೆ ತರುವ ಅಧಿಕಾರ ಜತೆಗಾರನ ಕೈಯಲ್ಲಿರಬೇಕು. ಒಂಟಿ ಸವಾರನಾದರೆ ತಾಸಿಗೊಮ್ಮೆ ಮನೆಗೆ ಫೋನ್ ಮಾಡಲಿ. ಮಾತು ತೊದಲಿದರೆ ಮನೆಯವರಿಗೆ ತಿಳಿಯುತ್ತದೆ.

ನಮ್ಮಲ್ಲೂ ಇದು ಹೊಸದಲ್ಲ. ಕಲಬುರಗಿ ಸೀಮೆಯಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್-ಮೇ ತಿಂಗಳು ಸರಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಬಿಸಿಲಿಗೆ ಮುಂಚೆಯೇ ನಿಲ್ಲುವುದನ್ನು ಸರಕಾರ ತನ್ನ ನೌಕರರಿಗೆ ಬರೆದುಕೊಟ್ಟಿದೆ. ಅದೇ ಕಲಬುರಗಿ, ರಾಯಚೂರಿನ ಬೀದಿಗಳಲ್ಲಿ, ಅಹಮದಾಬಾದ್, ಸೂರತ್ತಿನ ಬೀದಿಗಳಲ್ಲಿ, ಮಧ್ಯಾಹ್ನ ಎರಡಕ್ಕೆ ಬೆನ್ನಿಗೆ ಚೀಲ ಹೊತ್ತು ಬೈಕಿನ ಮೇಲೆ ಊಟ ಮುಟ್ಟಿಸುವ ಹುಡುಗರಿದ್ದಾರೆ. ಅವರೂ ಯಾರದೋ ಅಕ್ಕನ ಮಕ್ಕಳು. ಅವರ ಹಿಂದೆ ದೀಪ ಮಿನುಗಿಸುವ ಮಾಮಾ ಇಲ್ಲ. ನಿಂತರೆ ಆ ದಿನದ ಗಳಿಕೆಯೂ ಇಲ್ಲ. ಕಿತ್ತಳೆ, ಕೆಂಪು ಎಚ್ಚರಿಕೆಯ ದಿನ ಮಧ್ಯಾಹ್ನದ ಆರ್ಡರುಗಳನ್ನು ಮುಚ್ಚಿ, ಆ ತಾಸುಗಳ ಕೂಲಿಯನ್ನು ಅವರ ಖಾತೆಗೆ ಹಾಕುವ ನಿಯಮ ಬರಬೇಕು. ಅದು ಬರುವವರೆಗೆ, ಆ ಹೊತ್ತಿನಲ್ಲಿ ಊಟ ತರಿಸದಿರುವುದು ನಮ್ಮ ಕೈಯಲ್ಲೇ ಇದೆ.